ಹಗ್ಗದ ತುದಿಯ ಸರಸಕ್ಕ

ಸರಸಕ್ಕನ ಎದುರು ಬಾವಿಯ ಮಾತು ಎತ್ತಬಾರದು ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಎತ್ತಿದರೆ ಅವಳೇನೂ ಬೈಯುವುದಿಲ್ಲ. ಸೆರಗು ಕೊಡವಿಕೊಂಡು ಎದ್ದು ಹೋಗುತ್ತಾಳೆ. ಆ ಹೋಗುವ ರೀತಿ ನೋಡಿದರೆ, ಇದಕ್ಕಿಂತ ನಾಲ್ಕು ಬೈದಿದ್ದರೇ ವಾಸಿಯಿತ್ತಪ್ಪ ಅನ್ನಿಸುತ್ತದೆ. ಬ್ರಹ್ಮಾವರದಿಂದ ಒಳಗೆ, ನೀರು ಹರಿಯುವ ತೋಡಿನ ಬದಿಗಿರುವ ಅವಳ ಮನೆಗೆ ಪಂಚಾಯತಿಯ ನಲ್ಲಿ ಬಂದ ದಿನ, ಊರಿಗೆ ಊರೇ ಈ ನೀರಿಗೆ ರುಚಿಯಿಲ್ಲ ಎಂದು ಮೂಗು ಮುರಿಯುತ್ತಿದ್ದಾಗ, ಇವಳೊಬ್ಬಳು ಅಂಗಳದ ಬಾವಿಗೆ ಹಲಗೆ ಮುಚ್ಚಿ ಅದರ ಮೇಲೆ ಹಳೆಯ ಒರಳುಕಲ್ಲು ಉರುಳಿಸಿಬಿಟ್ಟಳು.

ಇದೇ ಸರಸಕ್ಕ ಒಂದು ಕಾಲದಲ್ಲಿ ಸಾಲಿಗ್ರಾಮ, ಕೋಟ, ಬ್ರಹ್ಮಾವರದ ಸುತ್ತಿನ ಎಷ್ಟೋ ಬಾವಿಕಟ್ಟೆಗಳ ಮೇಲೆ ಹಗ್ಗ ಹಿಡಿದು ನಿಂತವಳು. ಗಂಡ ಚಂದಯ್ಯನಿಗೆ ಒಂದಿಷ್ಟು ಗದ್ದೆ, ನಾಲ್ಕು ತೆಂಗಿನ ಮರ ಇದ್ದವು. ಹೆಸರು ಬಂದದ್ದು ಮಾತ್ರ ಮುಳುಗುವ ಕೆಲಸದಿಂದ. ಯಾರ ಮನೆಯ ಕೊಡಪಾನ ಬಾವಿಗೆ ಬಿದ್ದರೂ, ಯಾರ ಕೈಬಳೆ ಜಾರಿದರೂ ಮೊದಲು ಪಾತಾಳಗರಡಿಯ ಕೊಕ್ಕೆ ಇಳಿಸಿ ತಡಕಾಡುವುದು, ಅದಕ್ಕೆ ಸಿಗದಿದ್ದರೆ ಚಂದಯ್ಯನಿಗೆ ಹೇಳಿ ಕಳಿಸುವುದು. ಅವನು ಬರುತ್ತಿದ್ದ, ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದ, ಇಳಿಯುತ್ತಿದ್ದ, ತರುತ್ತಿದ್ದ. ಆಮೇಲೆ ಒಂದು ಚಾ. ಚಾಕ್ಕೆ ಸಕ್ಕರೆ ಜಾಸ್ತಿ ಬೇಕು, ಅಷ್ಟೇ ಅವನ ದೌಲತ್ತು.

ಆ ಮನೆಯವರದೊಂದು ಕಟ್ಟುಪಾಡಿತ್ತು. ಮುಳುಗುವವನ ಹಗ್ಗ ಹೊರಗಿನವರ ಕೈಗೆ ಹೋಗಬಾರದು. ಒಂದೇ ಒಲೆಯ ಅನ್ನ ಉಣ್ಣುವವರೇ ಹಿಡಿಯಬೇಕು. ಹಿಡಿದವರು ಅವನೊಟ್ಟಿಗೇ ಉಸಿರು ಕಟ್ಟಬೇಕು. ಅವನ ತಲೆ ನೀರೊಳಗೆ ಹೋದ ಕೂಡಲೇ ಇವರೂ ಮೇಲೆ ಬಾಯಿ ಮುಚ್ಚಿ ನಿಲ್ಲುವುದು. ಇನ್ನು ತಡೆಯಲಿಕ್ಕಾಗದು ಅನ್ನಿಸಿದಾಗ ಹಗ್ಗವನ್ನು ಒಮ್ಮೆ ಜಗ್ಗುವುದು. ಕೆಳಗಿನವನು ಸರಿಯಿದ್ದರೆ ತಿರುಗಿ ಎರಡು ಸಲ ಜಗ್ಗುತ್ತಾನೆ. ಇಷ್ಟೆಲ್ಲ ಯಾಕೆ, ಗಡಿಯಾರ ನೋಡಿದರೆ ಆಗದೇ ಎಂದು ಯಾರೋ ಕೇಳಿದ್ದಕ್ಕೆ, ಗಡಿಯಾರಕ್ಕೆ ಉಸಿರು ಕಟ್ಟುತ್ತದೆಯೇ ಎಂದು ಚಂದಯ್ಯ ನಕ್ಕಿದ್ದನಂತೆ. ಮದುವೆಯಾಗಿ ಬಂದ ವರ್ಷವೇ ಸರಸಕ್ಕ ಇದನ್ನು ಕಲಿತಳು. ಕಲಿತದ್ದು ಮಾತ್ರವಲ್ಲ, ಇಷ್ಟಪಟ್ಟಳು. ಗಂಡ ಕೆಳಗೆ, ತಾನು ಮೇಲೆ, ಇಬ್ಬರದೂ ಒಂದೇ ಉಸಿರು ಎಂಬುದರಲ್ಲಿ ಅವಳಿಗೆ ಯಾರಿಗೂ ಹೇಳಿಕೊಳ್ಳದ ಒಂದು ಖುಷಿಯಿತ್ತು.

ಮಗ ರೋಹನ್‌ಗೆ ನಾಲ್ಕು ವರ್ಷವಾಗಿದ್ದಾಗ ವನಜಮ್ಮ ಎಂಬವರ ಮನೆಯಿಂದ ಕರೆ ಬಂತು. ಕಂಚಿನ ಚೆಂಬು ಬಿದ್ದಿತ್ತು. ಅವತ್ತು ದಾರಿಯ ಏರಿನಲ್ಲಿ ಚಂದಯ್ಯ ಎದೆ ಉಜ್ಜಿಕೊಂಡು ಸ್ವಲ್ಪ ನಿಂತ. ಗ್ಯಾಸು ಅಂದ. ಸರಸಕ್ಕ ನಂಬಿದಳು; ಗ್ಯಾಸು ಅಂದರೆ ನಂಬದವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ಅವನು ಇಳಿದ, ಮುಳುಗಿದ. ಇವಳು ಉಸಿರು ಕಟ್ಟಿದಳು. ಆಗ ವನಜಮ್ಮ ಹಿಂದಿನಿಂದ ಬಂದು, ಮಧ್ಯಾಹ್ನ ಊಟ ಮಾಡಿಕೊಂಡೇ ಹೋಗಬೇಕು ಎಂದರು. ಸರಸಕ್ಕನ ಬಾಯಿಂದ ಉತ್ತರ ಜಾರಿತು.

"ಇಲ್ಲೆ, ಮಗು ಮನಿಯಗ್ ಇತ್ತ್."

ಅಷ್ಟೇ ಮಾತು. ಕಟ್ಟಿದ ಉಸಿರು ಹೋಯಿತು. ಗಾಬರಿಯಲ್ಲಿ ಹೊಸ ಉಸಿರು ತೆಗೆದುಕೊಂಡು ಮತ್ತೆ ಕಟ್ಟಿದಳು, ಆದರೆ ಲೆಕ್ಕ ತಪ್ಪಿಹೋಗಿತ್ತು. ಜಗ್ಗಿದಾಗ ಕೆಳಗಿನಿಂದ ಉತ್ತರ ಬರಲಿಲ್ಲ. ಮತ್ತೆ ಜಗ್ಗಿದಳು. ಎಳೆದೇ ಎಳೆದಳು, ಒಬ್ಬಳ ಕೈಲಿ ಆಗಲಿಲ್ಲ. ಪಕ್ಕದ ಗದ್ದೆಯಲ್ಲಿದ್ದ ಚಂದಯ್ಯನ ತಮ್ಮ ಸೂರ ಕೂಗು ಕೇಳಿ ಓಡಿಬಂದು, ಬಾವಿಗೆ ಹಾರಿ ಅಣ್ಣನನ್ನು ಮೇಲೆ ತಂದ. ಚೆಂಬು ಅಣ್ಣನ ಮುಷ್ಟಿಯಲ್ಲೇ ಇತ್ತು. ಜೀವ ಇರಲಿಲ್ಲ.

ನಾನು ಊಟಕ್ಕೆ ಕರೆದದ್ದೇ ತಪ್ಪಾಯಿತು ಎಂದು ವನಜಮ್ಮ ಅಳುತ್ತಿದ್ದರು. ಅದನ್ನು ಕೇಳಿದ ಸೂರ, ನೆರೆದವರೆಲ್ಲರ ಎದುರು ಅತ್ತಿಗೆಯ ಕಡೆ ಬೆರಳು ತೋರಿಸಿದ.

"ಅತ್ಗಿ ಮಾತಾಡ್ತಾ ನಿಂತಿದ್ರ್. ಅಣ್ಣ ಕೆಳ್ಗೆ ಸತ್ತ."

ಊರಿಗೆ ಅಷ್ಟು ಸಾಕಾಯಿತು. ಹಗ್ಗ ಹಿಡಿದವಳು ಹರಟೆ ಹೊಡೆಯುತ್ತಿದ್ದಳಂತೆ ಎಂದರು. ಬಾಯಿಂದ ಬಾಯಿಗೆ ಹೋಗಿ ಅದು ನಗುತ್ತಿದ್ದಳಂತೆ ಎಂದೂ ಆಯಿತು. ಸರಸಕ್ಕ ಯಾರಿಗೂ ಉತ್ತರ ಕೊಡಲಿಲ್ಲ. ಕೊಡುವುದೇನನ್ನು? ಅವಳೇ ನಂಬಿಬಿಟ್ಟಿದ್ದಳು. ಸೂರನ ಮನೆಗೂ ಇವಳ ಮನೆಗೂ ಹೊಕ್ಕುಬಳಕೆ ನಿಂತಿತು. ಗದ್ದೆ ಗೇಣಿಗೆ ಕೊಟ್ಟು ಅವಳು ಗೇರುಬೀಜದ ಕಾರ್ಖಾನೆಗೆ ಹೋದಳು, ಬೀಜದ ಸೊನೆಗೆ ಬೆರಳಿನ ಚರ್ಮ ಸುಲಿಸಿಕೊಂಡಳು, ಮಗನನ್ನು ಓದಿಸಿದಳು. ಆ ಮಗನನ್ನು ಕೆರೆಗೂ ಬಿಡಲಿಲ್ಲ, ಹೊಳೆಗೂ ಬಿಡಲಿಲ್ಲ. ಕಡಲ ತಡಿಯ ಊರಿನ ಗಂಡುಹುಡುಗ ಈಜು ಬಾರದೆ ದೊಡ್ಡವನಾದ. ಗೆಳೆಯರು ತಮಾಷೆ ಮಾಡಿದರೆ ರೋಹನ್ ತಾನೂ ನಗುತ್ತಿದ್ದ. ನೀರಿನಿಂದ ದೂರ ಇಟ್ಟರೆ ಮಗ ಉಳಿಯುತ್ತಾನೆ ಎಂದು ತಾಯಿ ಗಟ್ಟಿಯಾಗಿ ನಂಬಿದ್ದಳು.

ಅವನು ಬಿದ್ದದ್ದು ಒಣ ನೆಲದ ಮೇಲೆ. ಹೋದ ಚಳಿಗಾಲದ ಒಂದು ಸಂಜೆ, ಶಾಲೆಯ ಮೈದಾನದಲ್ಲಿ, ವಾಲಿಬಾಲ್ ಆಡುತ್ತ ಚೆಂಡಿಗೆ ನೆಗೆದವನು ಇಳಿಯುವಾಗ ಕಾಲ ಮೇಲೆ ನಿಲ್ಲಲಿಲ್ಲ. ಮುಖಕ್ಕೆ ನೀರು ಹಾಕಿದ ಮೇಲೆ ಕಣ್ಣು ಬಿಟ್ಟ. ಇಪ್ಪತ್ತೆರಡರ ಹುಡುಗ, ಕಬ್ಬಿಣದ ಅಂಗಡಿಯಲ್ಲಿ ಸಿಮೆಂಟು ಚೀಲ ಎತ್ತಿ ಬಿಸಾಡುವವನು. ಸರಸಕ್ಕನಿಗೆ ಕಾರ್ಖಾನೆಯಲ್ಲಿ ಸುದ್ದಿ ಮುಟ್ಟಿದಾಗ ಅವಳು ಮೊದಲು ಕೇಳಿದ್ದು, ಅಲ್ಲಿ ಬಾವಿ ಉಂಟಾ ಎಂದು. ಇಲ್ಲ ಅಂದರು. ಹಾಗಾದರೆ ಹೇಗೆ ಬಿದ್ದ ಎಂಬುದು ಅವಳ ತಲೆಗೆ ಹೋಗಲೇ ಇಲ್ಲ.

ಉಡುಪಿ ಕಡೆಯ ದೊಡ್ಡಾಸ್ಪತ್ರೆಯಲ್ಲಿ ಒಂದೆರಡು ಪರೀಕ್ಷೆ ಮಾಡಿದರು. ಹೃದಯಕ್ಕೇ ರಕ್ತ ಕೊಡುವ ನಾಳಗಳಲ್ಲಿ ಒಂದು ಇರಬೇಕಾದ ಜಾಗದಲ್ಲಿ ಸರಿಯಾಗಿ ಕಾಣುತ್ತಿಲ್ಲ, ಎಂಆರ್‌ಐ ಮಾಡಿ ನೋಡಬೇಕು ಎಂದರು ಡಾಕ್ಟರು. ಪ್ರೇಮಾನಂದ ಎಂದು ಅವರ ಹೆಸರು, ಮೆಲ್ಲಗೆ ಮಾತಾಡುವ ಮನುಷ್ಯ. ಸರಸಕ್ಕನಿಗೆ ಆ ಮೆಲುದನಿಯೇ ಹೆದರಿಕೆ ಹುಟ್ಟಿಸಿತು.

ಮಾರನೆಯ ಬೆಳಿಗ್ಗೆ ರೋಹನ್‌ನನ್ನು ಮಿಷಿನ್ನಿನ ಕೋಣೆಗೆ ಕರೆದೊಯ್ದರು. ಸರಸಕ್ಕ ಹೊರಗೆ ಬೆಂಚಿನ ಮೇಲೆ ಕೂತಳು. ಗೋಡೆಯ ಆಚೆಯಿಂದ ಯಾರೋ ತಗಡು ಬಡಿದ ಹಾಗೆ ಸದ್ದು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಬಹಳ ಹೊತ್ತಾದ ಮೇಲೆ ಮಿಷಿನ್ ನಡೆಸುವ ಹುಡುಗಿ ಹೊರಬಂದಳು. ವಿನಯಾ ಎಂದು ಹೆಸರು, ಬೈಂದೂರಿನವಳು. ಸರಸಕ್ಕನ ಮಾತು ಕೇಳಿ ಅವಳೂ ಊರಿನ ಮಾತಿಗೇ ಇಳಿದಳು.

"ಅಮ್ಮ, ಹೆದ್ರಿಕಿಗೆ ಅವ್ನ ಎದಿ ಓಡ್ತಾ ಇತ್ತ್. ಹೃದಯ ಒಂದ್ ಸಲ ಬಡ್ದ್, ಇನ್ನೊಂದ್ ಸಲ ಬಡುಕೆ ಮೊದ್ಲ್ ಚೂರ್ ಸುಮ್ನಿರತ್ತ್. ನಮ್ಗೆ ಪಟ ಸಿಕ್ಕೂದ್ ಆವಾಗ ಮಾತ್ರ."

ಎದೆಗೆ ಅಂಟಿಸಿದ ತಂತಿಗಳು ಪ್ರತಿ ಬಡಿತವನ್ನೂ ಮಿಷಿನ್ನಿಗೆ ಹೇಳುತ್ತವಂತೆ. ಬಡಿತ ಆದ ಮೇಲೆ ಮಿಷಿನ್ ಸ್ವಲ್ಪ ಕಾದು, ಹೃದಯ ಅಲುಗದೆ ಇರುವ ಆ ಒಂದು ಗಳಿಗೆಯಲ್ಲಿ ಮಾತ್ರ ಚಿತ್ರದ ಚೂರು ಹಿಡಿಯುತ್ತದೆ. ಹಾಗೆ ಎಷ್ಟೋ ಬಡಿತದ ಚೂರುಗಳನ್ನು ಜೋಡಿಸಿದರೆ ಕೂದಲೆಳೆಯಂಥ ನಾಳ ಕಾಣುತ್ತದೆ. ಎದೆ ಓಡಿದರೆ ಆ ಗಳಿಗೆಯೇ ಸಿಗುವುದಿಲ್ಲ. ಉಸಿರಾಡಿದರೂ ಹೃದಯ ಜರುಗುತ್ತದೆ, ಅದಕ್ಕೆ ನಡುನಡುವೆ ಉಸಿರು ಹಿಡಿಯಬೇಕು. ಇವನು ಹಿಡಿಯುತ್ತಾನೆ, ಆದರೆ ಯಾವಾಗ ಬಿಡಬೇಕೋ ಎಂಬ ಗಾಬರಿಗೆ ಕೈಕಾಲು ಬಿಗಿಯುತ್ತಾನೆ. ತಾಯಿ ಒಳಗೆ ಬಂದು ಹತ್ತಿರ ಕೂತರೆ ಆದೀತೋ ಏನೋ ಎಂದು ವಿನಯಾ ಕೇಳಿದಳು.

ಕಿವಿಯ ಓಲೆ ಕಳಚಿಸಿದರು, ತಲೆಯ ಪಿನ್ನು, ಸೀರೆಯ ಪಿನ್ನು ಎಲ್ಲ ತೆಗೆಸಿದರು, ಕಿವಿಗೆ ಮುಚ್ಚಿಗೆ ಹಾಕಿದರು. ಒಳಗೆ ಹೋದ ಸರಸಕ್ಕ ಬಾಗಿಲಲ್ಲೇ ಗಕ್ಕನೆ ನಿಂತಳು. ಮಿಷಿನ್ ಅಂದರೆ ಏನೋ ಅಂದುಕೊಂಡಿದ್ದಳು. ಇದು ದುಂಡಗಿನ ತೂತು. ಅಡ್ಡ ಮಲಗಿಸಿದ ಬಾವಿ. ಅದರೊಳಗೆ ಮಗ ಸೊಂಟದವರೆಗೆ ಮುಳುಗಿದ್ದ, ಎರಡು ಕಾಲು ಮಾತ್ರ ಹೊರಗಿದ್ದವು. ಓಡಿಹೋಗಬೇಕು ಅನ್ನಿಸಿತು. ಬಂದವಳು ತಾಯಿ, ಎಲ್ಲಿಗೆ ಓಡುವುದು? ಹೋಗಿ ಮಗನ ಕಾಲಿನ ಬುಡದಲ್ಲಿ ಕೂತು, ಅವನ ಪಾದದ ಹರಡನ್ನು ಹಿಡಿದುಕೊಂಡಳು. ತಾನು ಜಗ್ಗುವವರೆಗೆ ಉಸಿರು ಬಿಡಬೇಡ, ಬಾಕಿ ಏನನ್ನೂ ಯೋಚಿಸಬೇಡ ಎಂದು ಹೇಳಿದಳು.

ಉಸಿರು ಹಿಡಿಯಿರಿ ಎಂದು ಸ್ಪೀಕರಿನಲ್ಲಿ ವಿನಯಾಳ ಧ್ವನಿ ಬಂತು. ಮಗ ಹಿಡಿದ. ತಾಯಿಯೂ ಹಿಡಿದಳು. ಹದಿನೆಂಟು ವರ್ಷದಿಂದ ಅವಳು ಉಸಿರು ಕಟ್ಟಿರಲಿಲ್ಲ. ಎದೆ ಆ ಕೆಲಸವನ್ನು ಮರೆತಿರಲಿಲ್ಲ. ಮಿಷಿನ್ ತಗಡು ಬಡಿಯಿತು. ಬಿಡಿ ಎಂಬ ಮಾತು ಬಂದ ಕೂಡಲೇ ಕಾಲನ್ನು ಒಮ್ಮೆ ಜಗ್ಗಿದಳು. ಮಗ ಬಿಟ್ಟ. ಮತ್ತೆ ಹಿಡಿ, ಮತ್ತೆ ಬಿಡು. ಸ್ವಲ್ಪ ಹೊತ್ತಿಗೆ ಬಿಗಿದಿದ್ದ ಕಾಲು ಸಡಿಲವಾಯಿತು. ಆಮೇಲೊಮ್ಮೆ ಅವಳು ಜಗ್ಗಿದಾಗ, ಯಾರೂ ಹೇಳಿಕೊಡದೆ, ಮಗ ಹೆಬ್ಬೆರಳನ್ನು ಎರಡು ಸಲ ಅಲುಗಿಸಿದ. ಸರಸಕ್ಕನ ಕಣ್ಣಿಂದ ನೀರು ಹರಿಯಿತು, ಆದರೆ ಬಾಯಿ ತೆರೆಯಲಿಲ್ಲ. ಈ ಸಲ ದೇವರೇ ಬಂದು ಊಟಕ್ಕೆ ಕರೆದಿದ್ದರೂ ಅವಳು ಬಾಯಿ ತೆರೆಯುತ್ತಿರಲಿಲ್ಲ.

ಮಧ್ಯಾಹ್ನದ ಮೊದಲೇ ಡಾಕ್ಟರು ಕರೆಸಿದರು. ಪರದೆಯ ಮೇಲೆ ಬೂದುಬಣ್ಣದ ಚಿತ್ರ. ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ಎಡಗಡೆಯಿಂದ ಹುಟ್ಟಬೇಕಾದ ನಾಳ ಬಲಗಡೆಯಿಂದ ಹುಟ್ಟಿ, ಎರಡು ದೊಡ್ಡ ರಕ್ತನಾಳಗಳ ನಡುವಿನಿಂದ ನುಸುಳಿ ಬಂದಿದೆ. ಇದು ಹುಟ್ಟುವಾಗಲೇ ಆದದ್ದು. ಸುಮ್ಮನೆ ಇದ್ದಾಗ ತೊಂದರೆಯಿಲ್ಲ. ಮೈಗೆ ಜೋರು ಶ್ರಮವಾದಾಗ ಆ ಎರಡೂ ಉಬ್ಬಿ, ಗದ್ದೆಗೆ ನೀರು ಬಿಟ್ಟ ಪೈಪಿನ ಮೇಲೆ ಕಾಲಿಟ್ಟ ಹಾಗೆ ಇದನ್ನು ಒತ್ತುತ್ತವೆ. ಆಗ ಹೃದಯ ಇದ್ದಕ್ಕಿದ್ದಂತೆ ನಿಂತುಬಿಡಬಹುದು. ಆಪರೇಷನ್ ಮಾಡಿ ಸರಿಮಾಡಲಿಕ್ಕಾಗುತ್ತದೆ, ಹುಡುಗನ ಪುಣ್ಯ, ಈಗಲೇ ಗೊತ್ತಾಯಿತು ಎಂದರು. ಆಮೇಲೆ, ಮನೆಯಲ್ಲಿ ಯಾರಾದರೂ ಹೀಗೆ ಇದ್ದಕ್ಕಿದ್ದಂತೆ ತೀರಿಕೊಂಡದ್ದು ಉಂಟೇ ಎಂದು ಕೇಳಿದರು.

ಸರಸಕ್ಕ ಇಲ್ಲ ಎಂದಳು. ಗಂಡ ಹೋದದ್ದು ನೀರಿನಲ್ಲಿ, ಅದು ತನ್ನ ಕೈತಪ್ಪಿನಿಂದ ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟು, ಎಲ್ಲವನ್ನೂ ಹೇಳಿ ಎಂದರು. ಮಗನ ಎದುರೂ ಆಡದ ಮಾತನ್ನು ಅವಳು ಹೇಳಿದಳು: ಏರಿನಲ್ಲಿ ಎದೆ ಉಜ್ಜಿಕೊಂಡದ್ದು, ಊಟದ ಮಾತು, ತಪ್ಪಿದ ಉಸಿರು. ಉಸಿರು ಸಾಲದೆ ಕಷ್ಟವಾದಾಗ ಅವರು ಹಗ್ಗ ಎಳೆಯುತ್ತಿರಲಿಲ್ಲವೇ ಎಂದು ಡಾಕ್ಟರು ಕೇಳಿದರು. ಎಳೆಯುತ್ತಿದ್ದರು. ಅವತ್ತು ಎಳೆದರೇ? ಇಲ್ಲ. ಹಗ್ಗ ಸ್ವಲ್ಪವಾದರೂ ಅಲುಗಿತ್ತೇ?

ಅವಳು ತನ್ನ ಅಂಗೈ ನೋಡಿಕೊಂಡಳು. ಹಗ್ಗ ಅಲುಗಿರಲಿಲ್ಲ. ಎಷ್ಟೋ ವರ್ಷ ಆ ದಿನವನ್ನು ತಲೆಯೊಳಗೆ ತಿರುವಿ ಹಾಕಿದ್ದಳು, ತನ್ನ ಬಾಯಿಯನ್ನೇ ನೋಡಿದ್ದಳು, ಕೈಯನ್ನು ನೋಡಿರಲಿಲ್ಲ. ಮುಳುಗಿ ಪಳಗಿದ ಗಂಡಸು ಉಸಿರು ಕಟ್ಟಿ ಒದ್ದಾಡಿದ್ದರೆ ಹಗ್ಗಕ್ಕೆ ಗೊತ್ತಾಗದೆ ಇರುತ್ತದೆಯೇ?

ಇಷ್ಟು ವರ್ಷದ ಮೇಲೆ ಖಂಡಿತ ಹೀಗೇ ಎಂದು ಹೇಳಲಿಕ್ಕಾಗದು, ಆದರೆ ಇದೇ ದೋಷ ಒಮ್ಮೊಮ್ಮೆ ಒಂದೇ ಮನೆತನದಲ್ಲಿ ಕಾಣುತ್ತದೆ ಎಂದರು ಡಾಕ್ಟರು. ನೀವು ಹೊತ್ತಿಗೆ ಸರಿಯಾಗಿ ಎಳೆದಿದ್ದರೂ ಅವರು ಉಳಿಯುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ ಅಂದರು. ಸರಸಕ್ಕನಿಗೆ ಸಂತೋಷವಾಗಲಿಲ್ಲ. ಸಿಡಿಲು ಹತ್ತಿರ ಬಿದ್ದಾಗ ಆಗುವಂತೆ ಕಿವಿ ಮುಚ್ಚಿಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅಷ್ಟೂ ಬರೆ ತಿಂದು ಮುಗಿಸಿದ ಮೇಲೆ, ಜ್ವರ ನಿನ್ನದಲ್ಲವಂತೆ ಎಂದರೆ ಎಮ್ಮೆ ಏನು ಮಾಡಬೇಕು? ಅಷ್ಟರಲ್ಲಿ ಡಾಕ್ಟರ ಮುಂದಿನ ಮಾತು ಕೇಳಿಸಿತು.

"ನಿಮ್ಮ ಗಂಡನಿಗೆ ಅಣ್ಣತಮ್ಮ ಯಾರಾದರೂ ಇದ್ದಾರಾ? ಅವರನ್ನೂ ಒಮ್ಮೆ ನೋಡಬೇಕು."

ಸರಸಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ಅಣ್ಣ ಸತ್ತ ಮೇಲೆ ಆ ಸೀಮೆಯ ಬಾವಿಗಳಿಗೆಲ್ಲ ಮುಳುಗುತ್ತಿದ್ದವನು ಸೂರನೇ.

ರೋಹನ್‌ನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ವರಾಂಡದಿಂದ ಸೂರನ ಮನೆಗೆ ಫೋನು ಮಾಡಿದರೆ ಎತ್ತಿದ್ದು ಅವನ ಮಗಳು ಸ್ವಾತಿ. ದೊಡ್ಡಮ್ಮನ ದನಿ ಎಂದು ತಿಳಿದೂ ಹುಡುಗಿ ಫೋನು ಇಡಲಿಲ್ಲ. ಅಪ್ಪ ಎಲ್ಲಿ ಎಂದು ಕೇಳಿದ್ದಕ್ಕೆ ಹೇಳಿದಳು: ಸಾಲಿಗ್ರಾಮದಲ್ಲಿ ಯೋಗೀಶ್ ಎಂಬವರ ಮನೆಯ ಬಾವಿಗೆ ಪಂಪು ಬಿದ್ದಿದೆ, ಅಪ್ಪ ಅಮ್ಮ ಇಬ್ಬರೂ ಅಲ್ಲಿಗೆ ಹೋಗಿದ್ದಾರೆ, ಅಪ್ಪ ಫೋನು ಇಟ್ಟುಕೊಳ್ಳುವುದೇ ಇಲ್ಲ, ಅಮ್ಮನ ಫೋನು ಇದೇ, ಮನೆಯಲ್ಲೇ ಬಿಟ್ಟು ಹೋಗಿದ್ದಾರೆ.

ಕುಂದಾಪುರದ ಬಸ್ಸು ಹತ್ತಿದಳು. ನಮ್ಮ ಹೈವೇಯ ಬಸ್ಸುಗಳು ರಾಕೆಟ್ಟಿನ ಹಾಗೆ ಓಡುತ್ತವೆ ಎಂದು ಜನ ದೂರುತ್ತಾರೆ. ಅವತ್ತು ಸರಸಕ್ಕನಿಗೆ ಅದು ಎತ್ತಿನ ಗಾಡಿಯಾಗಿತ್ತು. ಬ್ರಹ್ಮಾವರದಲ್ಲಿ ಜನ ಹತ್ತುತ್ತಲೇ ಇದ್ದರು. ಕಿಟಕಿಯ ಸರಳು ಹಿಡಿದು ಕೂತ ಅವಳ ತಲೆಯೊಳಗೆ ಎರಡು ಮಾತು ಜಗಳವಾಡುತ್ತಿದ್ದವು. ಅವನು ನಿನ್ನನ್ನು ಊರಿನೆದುರು ಕೊಲೆಗಾತಿ ಮಾಡಿದವನು, ಮುಳುಗಲಿ ಎಂದು ಒಂದು. ಹಗ್ಗ ಹಿಡಿದ ಸರೋಜ ಏನು ಪಾಪ ಮಾಡಿದ್ದಾಳೆ ಎಂದು ಇನ್ನೊಂದು. ಸರೋಜ ಸೂರನ ಹೆಂಡತಿ. ನಾಳೆ ಊರು ಅವಳ ಕಡೆಗೂ ಇದೇ ಬೆರಳು ತೋರಿಸುತ್ತದೆ. ಸಾಲಿಗ್ರಾಮದಲ್ಲಿ ಇಳಿದವಳೇ ರಿಕ್ಷಾ ಹತ್ತಿ ಯೋಗೀಶನ ಮನೆಯ ದಾರಿ ಹೇಳಿದಳು.

ಅಂಗಳದಲ್ಲಿ ನಾಲ್ಕೈದು ಜನ. ಬಾವಿಕಟ್ಟೆಯ ಮೇಲೆ ಸರೋಜ ಹಗ್ಗ ಹಿಡಿದು ನಿಂತಿದ್ದಳು. ಸೂರ ಎಲ್ಲಿ ಎಂದು ಸರಸಕ್ಕ ದೂರದಿಂದಲೇ ಕೂಗಿದಳು. ಸರೋಜ ತಿರುಗಿ ನೋಡಿದಳು, ಕಣ್ಣು ಅಗಲವಾಯಿತು, ಆದರೆ ಉತ್ತರ ಬರಲಿಲ್ಲ. ಕೆನ್ನೆ ಉಬ್ಬಿತ್ತು, ತುಟಿ ಬಿಗಿದಿತ್ತು. ಉಸಿರು ಕಟ್ಟಿ ನಿಂತಿದ್ದಳು. ಯಾರು ಏನು ಕೇಳಿದರೂ ಬಾಯಿ ಬಿಡಬಾರದು ಎಂಬುದನ್ನು ಆ ಮನೆಗೆ ಕಲಿಸಿಕೊಟ್ಟದ್ದು ಸರಸಕ್ಕ ಅವತ್ತು ಆಡಿದ ಆ ಒಂದು ಮಾತೇ ಅಲ್ಲವೇ? ಸರಸಕ್ಕ ಓಡಿಹೋಗಿ ಕಟ್ಟೆ ಹತ್ತಿ, ಸರೋಜಳ ಕೈಯಿಂದ ಹಗ್ಗ ಕಿತ್ತುಕೊಂಡು ಎಳೆದಳು. ಮೈಯಲ್ಲಿದ್ದ ಬಲವೆಲ್ಲ ಹಾಕಿ ಎಳೆದಳು.

ಕೆಳಗೆ ನೀರು ಕಲಕಿತು. ಸೂರನ ತಲೆ ಮೇಲೆ ಬಂತು. ಮೆಟ್ಟುಗಲ್ಲು ಹಿಡಿದು ಹತ್ತಿ, ಏದುಸಿರು ಬಿಡುತ್ತ ಕಟ್ಟೆಗೆ ಬಂದವನು, ಹಗ್ಗ ಹಿಡಿದವಳು ಯಾರೆಂದು ಕಂಡ. ಅವನ ಮುಖ ಕೆಂಪಾಯಿತು.

"ಅವತ್ತ್ ಎಳುಕೆ ಆಯ್ಲಿಲ್ಲ ನಿಮ್ಗೆ. ಇವತ್ತ್ ಎಂತಕ್ಕೆ ಎಳೂದ್?"

ಸರಸಕ್ಕ ಅಳಲಿಲ್ಲ. ರೋಹನ್ ಬಿದ್ದದ್ದು, ಮಿಷಿನ್ನು, ತಪ್ಪು ಜಾಗದಲ್ಲಿ ಹುಟ್ಟಿದ ನಾಳ, ಡಾಕ್ಟರು ಕೇಳಿದ ಪ್ರಶ್ನೆ ಎಲ್ಲವನ್ನೂ ಒಂದೇ ಸಮನೆ ಹೇಳಿದಳು. ಅಣ್ಣನಿಗೂ ಅದೇ ಇದ್ದಿರಬೇಕು, ನಿನಗೂ ಇರಬಹುದು, ಡಾಕ್ಟರು ನೋಡುವವರೆಗೆ ಬಾವಿಗೆ ಇಳಿಯಬಾರದು ಎಂದಳು. ಸೂರ ಕಟ್ಟೆಯ ಮೇಲೆ ಕೂತ. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಬಾಯಿ ಬಿಟ್ಟ.

"ಅತ್ಗಿ, ಅವತ್ತ್ ಮೇಲ್ ತಂದ್ ಅಣ್ಣನ ಹೊಟ್ಟಿ ಒತ್ತಿದ್ದೆ. ನೀರೇ ಬರ್ಲಿಲ್ಲ. ಇದ್ ಮುಳ್ಗಿ ಸತ್ತದ್ದಲ್ಲ ಅಂದೇಳಿ ನಂಗ್ ಅವತ್ತೇ ಗೊತ್ತಿತ್ತ್."

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದ್ದು ಸರೋಜ. ಸಾಯಲು ಬೇರೆ ಯಾವ ಕಾರಣವೂ ಕಾಣಲಿಲ್ಲ, ಯಾರ ಮೇಲಾದರೂ ಹಾಕಬೇಕಿತ್ತು, ಹಾಕಿದೆ. ಒಮ್ಮೆ ಹಾಕಿದ ಮೇಲೆ ತೆಗೆಯಲಿಕ್ಕೆ ಬಾಯಿ ಬರಲಿಲ್ಲ ಎಂದ ಸೂರ.

ಬೆಳಿಗ್ಗೆಯಿಂದ ಒಂದರ ಮೇಲೊಂದು ಏಟು ತಿಂದಿದ್ದ ಸರಸಕ್ಕನಿಗೆ ಇದು ಎಲ್ಲಕ್ಕಿಂತ ದೊಡ್ಡದಾಗಿತ್ತು. ಬರಿಯ ಊಹೆಯಲ್ಲ, ಕಣ್ಣಾರೆ ಕಂಡವನೊಬ್ಬ ಇದ್ದ. ಅವಳು ಒರಳುಕಲ್ಲು ಉರುಳಿಸಿದಾಗಲೂ, ಮಗನನ್ನು ನೀರಿಗೆ ಬಿಡದೆ ಕಟ್ಟಿಹಾಕಿದಾಗಲೂ ಆ ಮನುಷ್ಯ ಎರಡು ಗದ್ದೆಯಾಚೆ ಉಂಡು ಮಲಗುತ್ತಿದ್ದ. ಅವನನ್ನು ಹಿಂದಕ್ಕೆ ಬಾವಿಗೆ ನೂಕಿಬಿಡಬೇಕು ಅನ್ನಿಸಿತು ಅವಳಿಗೆ. ಕೈ ಎತ್ತಿದಳು. ಒದ್ದೆ ಕೆನ್ನೆಯ ಮೇಲೆ ಏಟು ಬಿದ್ದ ಸದ್ದು ಅಂಗಳಕ್ಕೆಲ್ಲ ಕೇಳಿತು. ಸೂರ ಕೆನ್ನೆ ಸವರಿಕೊಳ್ಳಲೂ ಇಲ್ಲ, ತಲೆ ಎತ್ತಲೂ ಇಲ್ಲ. ಅವನ ಭುಜ ಬಿಗಿದಿತ್ತು. ಹೆದರಿದ್ದ. ಮಿಷಿನ್ನಿನೊಳಗಿದ್ದ ಮಗನ ಕಾಲು ಬಿಗಿದದ್ದೂ ಹೀಗೆಯೇ.

ಸರಸಕ್ಕ ಬಾಗಿ ಅವನ ಸೊಂಟದ ಗಂಟು ಬಿಚ್ಚಿದಳು.

"ನಾಳೆ ಬೆಳಿಗ್ಗೆ ಮೊದ್ಲ್ ಬಸ್ಸಿಗೆ ಹೋಪ. ಆ ಮಿಷಿನ್ ಒಳ್ಗೆ ಒಬ್ನೇ ಹೋರೆ ಹೆದ್ರಿಕಿ ಆತ್ತ್. ನಾ ಬತ್ತೆ, ಕಾಲ್ ಹಿಡ್ಕಂತೆ."

ಪಂಪು ಬಾವಿಯಲ್ಲೇ ಉಳಿಯಿತು. ಯೋಗೀಶ ಪಾತಾಳಗರಡಿ ತರಲು ಒಳಗೆ ಹೋದ.